ತಾಮನ್ ಮೆಲೂರಿನ ಮಾದರಿ ಸಂಖ್ಯೆ ಒಂದು

ತಾಮನ್ ಮೆಲೂರ್ ಬಡಾವಣೆಗೆ ಇತಿಹಾಸವಿಲ್ಲ ಎಂಬ ಸಂಗತಿ ಅಲ್ಲಿನ ನಿವಾಸಿಗಳ ಸಮಿತಿಯ ಗಮನಕ್ಕೆ ಅಧಿಕೃತವಾಗಿ ಬಂದದ್ದು ಜೂನ್ ತಿಂಗಳ ಮೊದಲ ಭಾನುವಾರ, ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ. ಅಲ್ಲಿಯವರೆಗೆ ಯಾರಿಗೂ ಅದರ ಕೊರತೆ ಕಂಡಿರಲಿಲ್ಲ. ಕಡಲಾಚೆಯ ಪುಚೊಂಗ್ ಪಟ್ಟಣದ ಈ ಬಡಾವಣೆಯಲ್ಲಿ ಇನ್ನೂರ ಹನ್ನೆರಡು ಸಾಲುಮನೆಗಳು, ಒಂದು ಗಾರ್ಡ್ ಹೌಸು, ಏಳುವ ಬೀಳುವ ಒಂದು ಗೇಟು ಮತ್ತು ಒಂದು ಮಳೆಮರ ಇದ್ದವು. ಇಷ್ಟರಲ್ಲೇ ಜನ ಹದಿಮೂರು ವರ್ಷ ಬದುಕಿ ತೋರಿಸಿದ್ದರು.

ಕೊರತೆಯನ್ನು ಎತ್ತಿ ತೋರಿಸಿದ್ದು ಆಸ್ಟ್ರೇಲಿಯಾದ ಒಳನಾಡಿನ ಕೂಲಬಿಂಡಿ ಎಂಬ ಊರು. ಸಮಿತಿಯ ಅಧ್ಯಕ್ಷರಾದ ಹುಬ್ಬಳ್ಳಿಯ ಅಸದ್ ಅವರ ಮಗಳು ಆ ಊರಿನ ಹತ್ತಿರದ ಕಾಲೇಜಿನಲ್ಲಿ ಕೃಷಿ ಓದುತ್ತಿದ್ದಳು. ಅವಳನ್ನು ನೋಡಲು ಹೋದ ಅಸದ್, ಅಲ್ಲಿನ ಇತಿಹಾಸ ಸಂಘದವರ ಜೊತೆ ಎರಡು ಕಪ್ ಚಹಾ ಕುಡಿದು, ಎರಡೂ ಊರುಗಳು ಸೋದರಿ ಊರುಗಳಾಗಲಿ ಎಂದು ಒಪ್ಪಿ ಬಂದಿದ್ದರು. ಬಂದ ಮರುದಿನವೇ ಕೂಲಬಿಂಡಿಗೆ ತೆರಳಲಿರುವ ಆರು ಜನರ ನಿಯೋಗದ ಪಟ್ಟಿ ಗಾರ್ಡ್ ಹೌಸಿನ ಗೋಡೆ ಏರಿತು. ಸಮಿತಿಯ ಸದಸ್ಯರೂ ಆರೇ ಜನ ಇರುವುದು ಕೇವಲ ಆಕಸ್ಮಿಕವೆಂದು ಪಟ್ಟಿಯ ಕೆಳಗೆ ಟಿಪ್ಪಣಿ ಇತ್ತು.

ಆಮೇಲೆ ಅಂಚೆಯಲ್ಲಿ ಒಂದು ಪುಸ್ತಕ ಬಂತು. ಕೂಲಬಿಂಡಿಯ ನೂರೈವತ್ತು ವರ್ಷಗಳ ಚರಿತ್ರೆ, ನಾನೂರ ಹನ್ನೆರಡು ಪುಟ. ಊರಿನ ಜನಸಂಖ್ಯೆ ಸಾವಿರದ ಒಂಬೈನೂರು. ಕುರಿಗಳನ್ನು ಬೇರೆ ಎಣಿಸುತ್ತಾರೆ. ಊರಿಗೆ ಮೊಟ್ಟಮೊದಲು ಬಂದವನು ಬಾವಿ ತೋಡಿದ ಕಥೆ ಮೊದಲ ಅಧ್ಯಾಯದಲ್ಲಿತ್ತು. ಬಾವಿ ಎಲ್ಲಿ ತೋಡಬೇಕೆಂದು ಅವನಿಗೆ ತೋರಿಸಿಕೊಟ್ಟ ಜನ ಅಲ್ಲಿ ಮೊದಲೇ ಇದ್ದರಾದರೂ, ಅವರು ಎರಡನೇ ಅಧ್ಯಾಯದಲ್ಲಿ ಬರುತ್ತಿದ್ದರು. ನಂತರ ಒಂದು ಪ್ರವಾಹ, ಎರಡು ಸಲ ಸುಟ್ಟುಹೋದ ಸಭಾಭವನ, ಸ್ಪಂಜ್ ಕೇಕಿನ ಮೊದಲ ಬಹುಮಾನದ ವಿಷಯದಲ್ಲಿ ಹನ್ನೊಂದು ವರ್ಷ ನಡೆದ ಜಗಳ, ಮತ್ತು ಊರಬಾಗಿಲಲ್ಲಿ ನಿಲ್ಲಿಸಿದ ಮೂರು ಮಹಡಿ ಎತ್ತರದ ಕಾಂಕ್ರೀಟ್ ಕುರಿ. ಕೊನೆಯಲ್ಲಿ ಒಂದು ಪತ್ರ: "ನಿಮ್ಮ ಇತಿಹಾಸವನ್ನು ದಯವಿಟ್ಟು ಕಳಿಸಿ. ಅದರಲ್ಲಿ ಒಬ್ಬ ಮೊದಲ ವಲಸಿಗ, ಒಂದು ದುರಂತ, ಒಂದು ವಿವಾದ, ಒಂದು ಕಟ್ಟಡ ಹಾಗೂ ಸಮುದಾಯ ಜೀವನದ ಪುರಾವೆ ಇರಬೇಕು. ನಾವು ಆಗಸ್ಟ್ ಹದಿನಾರಕ್ಕೆ ಬಂದು ಪರಿಶೀಲಿಸುತ್ತೇವೆ. ನಂತರ ನಿಮ್ಮ ನಿಯೋಗ ಬರಬಹುದು."

ಇತಿಹಾಸ ತಯಾರಿಸುವ ಹೊಣೆ ಡಾಕ್ಟರ್ ಜಯಕರರ ಮೇಲೆ ಬಿತ್ತು. ಉಡುಪಿ ಕಡೆಯವರಾದ ಅವರು ವೈದ್ಯಕೀಯ ಕಾಲೇಜೊಂದರಲ್ಲಿ ಅಂಗರಚನಾಶಾಸ್ತ್ರದ ಪ್ರೊಫೆಸರ್. ಇಪ್ಪತ್ತೆರಡು ವರ್ಷಗಳಿಂದ ಅಲ್ಲಿನ ಮ್ಯೂಸಿಯಂ ಅವರ ಕೈಯಲ್ಲಿತ್ತು; ಆರುನೂರ ಎಂಬತ್ತು ಗಾಜಿನ ಜಾಡಿಗಳಲ್ಲಿ ಒಂದರ ಚೀಟಿಯೂ ಓರೆಯಾಗಿರಲಿಲ್ಲ. ಒಮ್ಮೆ ಹೆಂಡತಿ ವೇದವತಿಯ ಕಾರಿಗೆ ಬಡಾವಣೆಯ ಸ್ಟಿಕ್ಕರ್ ಇಲ್ಲವೆಂದು ಗೇಟಿನಲ್ಲೇ ತಡೆಸಿದ್ದರು. ಆಗ ಅವರೂ ಅದೇ ಕಾರಿನೊಳಗೆ ಕೂತಿದ್ದರು.

"ಡಾಕ್ಟ್ರ, ಹದಿಮೂರು ವರ್ಷದಾಗ ನಾನೂರು ಪುಟ ತೆಗೀಬೇಕ್ರಿ," ಅಂದರು ಅಸದ್. "ಆಗೂದಿಲ್ಲ ಅಂದ್ರ ಫಾಂಟ್ ದೊಡ್ಡದು ಮಾಡ್ರಿ."

"ಫಾಂಟಿಂದ ಎಲ್ಲ ಇತಿಹಾಸ ಆಗ್ತದಾ ಮಾರಾಯ್ರೇ? ಮೊದ್ಲು ನಿಯಮ ಆಗ್ಬೇಕು, ಆಮೇಲೆ ಸಂಗ್ರಹ, ಆಮೇಲೆ ಪುಸ್ತಕ."

"ನಿಯಮ ಯಾಕ್ರಿ ಮತ್ತ?"

"ನಿಯಮ ಇಲ್ಲದ ಸಂಗ್ರಹಕ್ಕೆ ಗುಜರಿ ಅಂತಾರೆ."

ಜಯಕರರು ಎರಡೇ ಸಂಜೆಯಲ್ಲಿ ನಿಯಮಾವಳಿ ಬರೆದು ಮುಗಿಸಿದರು. ಅವರಿಗೆ ಗೊತ್ತಿದ್ದ ಸರಿಯಾದ ನಿಯಮಾವಳಿ ಜಗತ್ತಿನಲ್ಲಿ ಒಂದೇ, ತಮ್ಮ ಅಂಗರಚನಾ ಮ್ಯೂಸಿಯಂನದು. ಅದನ್ನೇ ಮುಂದಿಟ್ಟುಕೊಂಡು 'ಅಂಗ' ಎಂದಿದ್ದಲ್ಲಿ 'ಪರಂಪರೆ' ಎಂದೂ, 'ಜಾಡಿ' ಎಂದಿದ್ದಲ್ಲಿ 'ಆವರಣ' ಎಂದೂ ತಿದ್ದಿದರು. 'ಮಾದರಿ' ಎಂಬ ಪದ ಎರಡಕ್ಕೂ ಹೊಂದುತ್ತಿದ್ದುದರಿಂದ ಹಾಗೇ ಬಿಟ್ಟರು. ಸಮಿತಿ ಅದನ್ನು ಓದದೆ ಸರ್ವಾನುಮತದಿಂದ ಅಂಗೀಕರಿಸಿತು. ಆರು ಜನರ ಮನಸ್ಸೂ ಆಗಲೇ ಕಾಂಕ್ರೀಟ್ ಕುರಿಯ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಿತ್ತು.

ಸಂಗ್ರಹ ಕಷ್ಟವಾಗಲಿಲ್ಲ. ಕಟ್ಟಡಕ್ಕೆ ಗಾರ್ಡ್ ಹೌಸು ಸಿಕ್ಕಿತು. ದುರಂತಕ್ಕೆ ನಾಲ್ಕು ದಿನ ನಲ್ಲಿಯಲ್ಲಿ ನೀರು ಬಾರದೆ ಹೋದದ್ದು. ವಿವಾದಕ್ಕೆ, ಯಾರದೋ ಕಸದ ಡಬ್ಬಿಯಲ್ಲಿ ಇನ್ಯಾರೋ ಹಾಕಿದ, ಬೀದಿಯೆಲ್ಲ ನಾರುವ ದುರಿಯನ್ ಹಣ್ಣಿನ ಸಿಪ್ಪೆ. ಬಡಾವಣೆ ಏಳುವ ಮೊದಲು ಅಲ್ಲಿ ಎಣ್ಣೆತಾಳೆಯ ತೋಟವಿತ್ತು, ಅದರ ಲೈನು ಮನೆಗಳಲ್ಲಿ ತಮಿಳು ಕುಟುಂಬಗಳು ಮೂರು ತಲೆಮಾರು ಬಾಳಿದ್ದವು ಎಂಬುದು ದಾಖಲೆಯಲ್ಲಿ ಸಿಕ್ಕಾಗ ಮಾತ್ರ ಸಮಿತಿ ಸ್ವಲ್ಪ ಗಲಿಬಿಲಿಗೊಂಡಿತು. ಕೂಲಬಿಂಡಿಯ ಪದ್ಧತಿಯನ್ನೇ ಅನುಸರಿಸಿ ಅವರನ್ನು ಎರಡನೇ ಅಧ್ಯಾಯಕ್ಕೆ ಕಳಿಸಲಾಯಿತು.

ಮೊದಲ ವಲಸಿಗರು ಯಾರೆಂಬುದನ್ನು ಬೀಗದ ಕೈ ಕೊಟ್ಟ ರಿಜಿಸ್ಟರ್ ಹೇಳಿತು. ಮೊದಲ ಕೀಲಿ ಪಡೆದವರು ಹತ್ತಿರದ ಸೈಬರ್‌ಜಯಾದ ಡೇಟಾ ಸೆಂಟರೊಂದರಲ್ಲಿ ಎಂಜಿನಿಯರ್ ಆಗಿದ್ದ ಸತ್ತಾರ್, ಅದೂ ಬಾಡಿಗೆಗೆ. ಕೀಲಿ ತಗೊಂಡ ಸತ್ತಾರ್, ತಾಯಿ ಹಮೀದುನ್ನೀಸಾರನ್ನು ಒಂದು ಚಾಪೆ ಮತ್ತು ಒಂದು ಕೆಟಲ್ ಜೊತೆ ಖಾಲಿ ಮನೆಯಲ್ಲಿ ಕೂರಿಸಿ ಆಫೀಸಿಗೆ ಹೋಗಿದ್ದರು. ಹಾಗಾಗಿ ತಾಮನ್ ಮೆಲೂರಿನ ನೆಲದ ಮೇಲೆ ಮೊದಲು ನೆಲೆಯೂರಿದವರು ಹಮೀದುನ್ನೀಸಾ. ಈಗ ಎಪ್ಪತ್ತಾರು ವರ್ಷ. ಹರಿಹರದ ಸರ್ಕಾರಿ ಕನ್ನಡ ಶಾಲೆಯ ನಿವೃತ್ತ ಮುಖ್ಯೋಪಾಧ್ಯಾಯಿನಿ. ದಿನಾ ಸಂಜೆ ಮಳೆಮರದ ಕೆಳಗಿನ ಸಿಮೆಂಟು ಬೆಂಚಿನ ಮೇಲೆ ಅವರು ಕೂತರೆ ಅಕ್ಕಪಕ್ಕದ ನಾಲ್ಕೈದು ಹೆಂಗಸರು ಬಂದು ಸೇರುತ್ತಿದ್ದರು. ಬಡಾವಣೆಯಲ್ಲಿ ಸಮುದಾಯ ಜೀವನ ಅಂತ ಇದ್ದದ್ದು ಅದೊಂದೇ. ಹೀಗೆ ಎರಡು ಪುರಾವೆ ಒಂದೇ ಬೆಂಚಿನಲ್ಲಿ ದೊರಕಿದವು.

ಒಪ್ಪಿಗೆಯಿಲ್ಲದೆ ಯಾವ ಮಾದರಿಯನ್ನೂ ಸೇರಿಸಿಕೊಳ್ಳಬಾರದು ಎಂಬುದರಲ್ಲಿ ಜಯಕರರು ಕಟ್ಟುನಿಟ್ಟು. ಒಪ್ಪಿಗೆ ಪತ್ರ ಹಿಡಿದು ತಾವೇ ಬೆಂಚಿನ ಬಳಿ ಹೋದರು. ಹಮೀದುನ್ನೀಸಾರದು ಮೂವತ್ತನಾಲ್ಕು ವರ್ಷ ಹಾಜರಿ ಪುಸ್ತಕಕ್ಕೆ ಸಹಿ ಹಾಕಿದ ಕೈ. ಗೆರೆ ಎಳೆದ ಕಾಗದ ಮುಂದೆ ಬಂದರೆ ತಾನಾಗಿಯೇ ಸಹಿ ಮಾಡುತ್ತಿತ್ತು. ಮರುದಿನ ಪ್ರಕಟಣೆ ಹೊರಬಿತ್ತು:

"ಎಲ್ಲ ನಿವಾಸಿಗಳ ಗಮನಕ್ಕೆ. ಶ್ರೀಮತಿ ಹಮೀದುನ್ನೀಸಾ (ಮಾದರಿ ಸಂಖ್ಯೆ ಒಂದು) ಮತ್ತು ಅವರು ಕೂರುವ ಬೆಂಚು (ಮಾದರಿ ಸಂಖ್ಯೆ ಎರಡು) ಇಂದಿನಿಂದ ಬಡಾವಣೆಯ ಪರಂಪರೆ. ಮುಟ್ಟಬಾರದು. ಒರಗಬಾರದು. ಸಮುದಾಯ ಜೀವನವನ್ನು ನೋಡಬಯಸುವವರು ಹಗ್ಗದ ಆಚೆ ನಿಲ್ಲತಕ್ಕದ್ದು. ಮಾದರಿಯೊಂದಿಗೆ ಮಾತನಾಡಬಯಸುವವರು ಎರಡು ದಿನ ಮುಂಚಿತವಾಗಿ ಅರ್ಜಿ ಸಲ್ಲಿಸತಕ್ಕದ್ದು."

ಮೊದಲ ಅರ್ಜಿ ಸಲ್ಲಿಸಿದವರು ವೇದವತಿ. ಸಂಜೆಯ ನಾಲ್ಕೈದು ಹೆಂಗಸರಲ್ಲಿ ಅವರೂ ಒಬ್ಬರು. ಜಯಕರರು ಅರ್ಜಿಯನ್ನು ತಿರಸ್ಕರಿಸಿ ಹಿಂದಿರುಗಿಸಿದರು, ಅಡಿಗೆಮನೆಯಿಂದ ಹಾಲಿಗೆ ಬಂದು. 'ಮಾತಿನ ಉದ್ದೇಶ' ಎಂಬ ಕಾಲಮಿನಲ್ಲಿ ಅವರು 'ಸುಮ್ನೆ' ಎಂದು ಬರೆದಿದ್ದರು.

"ನನ್ನನ್ನೂ ಒಂದು ನೋಂದಾಯಿಸಿ ಬಿಡಿ ಮಾರಾಯ್ರೇ," ಅಂದರು ವೇದವತಿ. "ಹಗ್ಗದ ಈಚೆ ನಿಂತು ನಿಂತು ಕಾಲು ಸೋತು ಹೋಯ್ತು. ಒಳಗಾದ್ರೂ ಕೂರ್ತೇನೆ."

"ನಿಂಗೆ ವಯಸ್ಸು ಸಾಲ್ದು."

ಆ ವಾರ ಅವರಿಬ್ಬರ ನಡುವೆ ನಡೆದ ಅತ್ಯಂತ ಪ್ರೀತಿಯ ಮಾತು ಅದೇ.

ನಿಯಮ ಐದರ ಪ್ರಕಾರ ಮಾದರಿಗೆ ನೇರ ಬಿಸಿಲು ತಾಗಬಾರದಾಗಿದ್ದರಿಂದ ಹಮೀದುನ್ನೀಸಾ ಎಲ್ಲಿ ಹೋದರೂ ಗಾರ್ಡ್ ಒಂದು ದೊಡ್ಡ ಕೊಡೆ ಹಿಡಿದು ಹಿಂದೆ ಬರುತ್ತಿದ್ದ. ನಿಯಮ ಏಳರ ಪ್ರಕಾರ ದ್ರವದ ಮಟ್ಟವನ್ನು ಆಗಾಗ ಪರೀಕ್ಷಿಸಿ ತುಂಬಿಸಬೇಕಿತ್ತು. ಮ್ಯೂಸಿಯಂನಲ್ಲಿ ಅದು ಅಂಗಗಳು ಕೆಡದಂತೆ ಕಾಯುವ ಫಾರ್ಮಲಿನ್. ಇಲ್ಲಿ ಬಾರ್ಲಿ ನೀರು ಎಂದು ಉಪಸಮಿತಿ ತೀರ್ಮಾನಿಸಿತು.

"ನಂಗೆ ಬಾಯಾರಿಕೆ ಇಲ್ಲಪ್ಪಾ," ಅಂದರೆ, "ಮಾದರಿಯ ಅಭಿಪ್ರಾಯಕ್ಕೆ ಕಾಲಮ್ ಇಲ್ಲ ಅಮ್ಮಾ," ಅನ್ನುತ್ತಿದ್ದರು ಜಯಕರರು, ಬಹಳ ವಿನಯದಿಂದ.

ಇಷ್ಟನ್ನೂ ಹಮೀದುನ್ನೀಸಾ ಸಹಿಸಿಕೊಂಡರು. ಶಾಲೆ ತಪಾಸಣೆಗೆ ಬಂದವರನ್ನು ಮೂವತ್ತನಾಲ್ಕು ವರ್ಷ ಸಹಿಸಿದವರು. ಆದರೆ ಆಗಸ್ಟ್ ಹತ್ತನೇ ತಾರೀಕು ಅವರು ಪೆಟ್ಟಿಗೆ ಕಟ್ಟಿಕೊಂಡು ಮಗನ ಕಾರಿನಲ್ಲಿ ಕೂತಾಗ ಗೇಟು ಮೇಲೇಳಲಿಲ್ಲ. ಗಾರ್ಡ್ ಫೈಲು ತೆರೆದು, ನಿಯಮ ಹನ್ನೊಂದರ ಮೇಲೆ ಬೆರಳಿಟ್ಟು ತೋರಿಸಿದ: 'ಲಿಖಿತ ಅನುಮತಿಯಿಲ್ಲದೆ ಯಾವುದೇ ಮಾದರಿಯನ್ನು ಆವರಣದ ಹೊರಗೆ ಒಯ್ಯುವಂತಿಲ್ಲ.'

ಜಯಕರರೂ ಅಸದ್ ಅವರೂ ಓಡಿಬಂದರು.

"ಸರ್, ಅವರು ನಮ್ಮ ಅಮ್ಮಿ," ಅಂದರು ಸತ್ತಾರ್. "ಫ್ಲೈಟ್ ಇದೆ ಸರ್, ತ್ರೀ ಅವರ್ಸ್‌ನಲ್ಲಿ."

"ಅದು ನಿಮ್ಮ ವೈಯಕ್ತಿಕ ಸಂಬಂಧ ಸತ್ತಾರ್. ನೋಂದಣಿ ಸಾರ್ವಜನಿಕ ದಾಖಲೆ," ಅಂದರು ಜಯಕರರು.

"ಅಮ್ಮಾರ, ಆಸ್ಟ್ರೇಲಿಯಾದವ್ರು ಹದಿನಾರಕ್ಕ ಬರ್ತಾರ," ಅಂದರು ಅಸದ್, ಕಿಟಕಿಯೊಳಗೆ ತಲೆ ಹಾಕಿ. "ನೀವು ಹೋದ್ರ ಇತಿಹಾಸನ ಎದ್ದು ಹೋದಂಗ ಆಕ್ಕೈತ್ರಿ."

ಕಾರು ಹಿಂದಕ್ಕೆ ಹೋಯಿತು. ವಿಮಾನ ಮುಂದಕ್ಕೆ ಹೋಯಿತು.

ಅಂದು ಸಂಜೆ ಹಗ್ಗದ ಒಳಗೆ ಕೂತ ಹಮೀದುನ್ನೀಸಾ ಜಯಕರರನ್ನು ಕರೆಸಿದರು. ಮಾದರಿ ತಾನಾಗಿ ಸಂಗ್ರಹಾಧಿಕಾರಿಯನ್ನು ಕರೆಸಬಾರದು ಎಂದು ನಿಯಮವಿರಲಿಲ್ಲವಾದ್ದರಿಂದ ಅವರು ಬಂದರು.

"ಡಾಕ್ಟ್ರೇ, ಮೊಮ್ಮಗಳು ಮೆಹವಿಶ್‌ಗೆ ಹೆರಿಗೆಗೆ ಇಪ್ಪತ್ತನೇ ತಾರೀಕು ದಿನ ಕೊಟ್ಟಿದ್ದಾರೆ. ನಮ್ಮಲ್ಲಿ ಮಗು ಹುಟ್ಟಿದ ಕೂಡ್ಲೆ ಮನೆಯ ಹಿರಿಯರೊಬ್ರು ಖರ್ಜೂರ ಅರೆದು ಅದರ ರಸ ನಾಲಿಗೆಗೆ ಮುಟ್ಟಿಸ್ತಾರೆ. ಯಾರು ಮುಟ್ಟಿಸ್ತಾರೋ ಮಗುವಿಗೆ ಅವರದೇ ಸ್ವಭಾವ ಬರುತ್ತೆ."

"ಅದಕ್ಕೆ ವೈಜ್ಞಾನಿಕ ಆಧಾರ..."

"ಆಧಾರ ಹರಿಹರದಲ್ಲಿದೆ. ಅವಳ ಅತ್ತೆಯ ಅಕ್ಕ. ಅವರಿಗೆ ಮುಟ್ಟಿಸಿದೋರು ಯಾರೋ ಏನೋ, ರೇಷನ್ ಅಂಗಡಿಯವನ ಜೊತೆ ಜಗಳ, ಬ್ಯಾಂಕಿನವರ ಜೊತೆ ಜಗಳ, ಮೂರು ಜನ ತಂಗಿಯರ ಜೊತೆ ಇಪ್ಪತ್ತು ವರ್ಷದಿಂದ ಮಾತಿಲ್ಲ. ಬಸ್ಸಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿದ್ರೂ ಜಗಳ. ಆಯಮ್ಮ ಈಗಾಗ್ಲೇ ಬೆಳ್ಳಿ ಡಬ್ಬಿಯಲ್ಲಿ ಒಂದು ಖರ್ಜೂರ ಇಟ್ಕೊಂಡು ಆಸ್ಪತ್ರೆ ವರಾಂಡದಲ್ಲಿ ಓಡಾಡ್ತಿದ್ದಾರಂತೆ. ನಾನು ಹೋಗಿಲ್ಲ ಅಂದ್ರೆ ಆ ಮಗುವಿನ ಗತಿ ಏನು ಹೇಳಿ."

ಜಯಕರರು ನಿಯಮಾವಳಿ ತೆರೆದು ಪುಟ ತಿರುವಿದರು. ಅವರಿಗೆ ಬೇಸರವಾಗಲಿಲ್ಲವೆಂದಲ್ಲ, ಬೇಸರಕ್ಕೆ ನಿಯಮಾವಳಿಯಲ್ಲಿ ಸ್ಥಾನವಿರಲಿಲ್ಲ. ತಾವೇ ಬರೆದ ನಿಯಮವನ್ನು ತಾವೇ ಮುರಿದರೆ ನಾಳೆ ಆರುನೂರ ಎಂಬತ್ತು ಜಾಡಿಗಳಿಗೆ ಮುಖ ತೋರಿಸುವುದು ಹೇಗೆಂಬುದು ಅವರ ನಿಜವಾದ ಸಂಕಟವಾಗಿತ್ತು.

"ದಾರಿಯೇ ಇಲ್ವಾ?" ಎಂದು ಕೇಳಿದರು ಹಮೀದುನ್ನೀಸಾ.

"ನಿಯಮ ಹನ್ನೆರಡು ಉಂಟು. ಎರವಲು ಕೊಡ್ಬಹುದು. ಆದ್ರೆ ಸಮಾನ ವಯಸ್ಸಿನ, ಸಮಾನ ಸ್ಥಿತಿಯ, ಇನ್ನೊಂದು ಮಾನ್ಯ ಸಂಗ್ರಹಕ್ಕೆ ಸೇರಿದ ಮಾದರಿ ಬಂದು ಈ ಜಾಗದಲ್ಲಿ ಕೂರ್ಬೇಕು. ಹಾಗೆ ಯಾರು ಸಿಗ್ತಾರೆ ಅಮ್ಮಾ?"

"ಆ ದಪ್ಪ ಪುಸ್ತಕ ಕೊಡಿ ಇಲ್ಲಿ."

ಕೂಲಬಿಂಡಿಯ ಚರಿತ್ರೆಯನ್ನು ತಾಮನ್ ಮೆಲೂರಿನಲ್ಲಿ ಕೊನೆಯವರೆಗೂ ಓದಿದವರು ಹಮೀದುನ್ನೀಸಾ ಒಬ್ಬರೇ. ಸಮಿತಿಯವರು ಕುರಿಯ ಚಿತ್ರದವರೆಗೆ ಓದಿದ್ದರು. ಮುನ್ನೂರ ಎಂಬತ್ತೆಂಟನೇ ಪುಟದಲ್ಲಿ ನಾರ್ಮನ್ ಪ್ರೆಂಟಿಸ್ ಎಂಬವರ ಫೋಟೋ ಇತ್ತು. ವಯಸ್ಸು ಎಪ್ಪತ್ತಾರು. ಕೋಲು ಹಿಡಿದಿದ್ದರು, ಒಂದು ಕಣ್ಣಿಗೆ ಪಟ್ಟಿ ಕಟ್ಟಿತ್ತು. ಬಾವಿ ತೋಡಿದವನ ಮರಿಮಗ. ನೂರೈವತ್ತನೇ ವರ್ಷಾಚರಣೆಯಂದು ಊರು ಅವರನ್ನು ಜೀವಂತ ಪರಂಪರೆ ಎಂದು ಘೋಷಿಸಿತ್ತು.

ಹಮೀದುನ್ನೀಸಾ ಬೆಂಚಿನ ಮೇಲೆ ಕೂತೇ ಮಗನ ಫೋನಿನಲ್ಲಿ ಕೂಲಬಿಂಡಿಗೆ ಇ-ಮೇಲ್ ಪತ್ರ ಬರೆಸಿದರು. ಇಂಗ್ಲಿಷಿನಲ್ಲಿದ್ದರೂ ಅದು ಶಿಕ್ಷಣಾಧಿಕಾರಿಗಳ ಕಚೇರಿಗೆ ಬರೆಯುವ ಧಾಟಿಯಲ್ಲೇ ಇತ್ತು: ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಉಭಯ ಸಂಗ್ರಹಗಳ ಹಿತದೃಷ್ಟಿಯಿಂದ ತಮ್ಮ ಮಾದರಿಯನ್ನು ಬರುವಾಗ ಜೊತೆಗೆ ತರತಕ್ಕದ್ದು. ಮರುದಿನವೇ ಉತ್ತರ ಬಂತು. ಮ್ಯೂಸಿಯಂ ಪದ್ಧತಿ ಬಲ್ಲವರೊಬ್ಬರು ಕೊನೆಗೂ ತಾಮನ್ ಮೆಲೂರಿನಿಂದ ಪತ್ರ ಬರೆದದ್ದು ಕೂಲಬಿಂಡಿಯವರಿಗೆ ತುಂಬ ಸಂತೋಷ ತಂದಿತ್ತು.

ಆಗಸ್ಟ್ ಹದಿನಾರರಂದು ಇತಿಹಾಸ ಸಂಘದ ಇಬ್ಬರು ಹೆಂಗಸರೂ, ಅವರ ನಡುವೆ ನಾರ್ಮನ್ ಪ್ರೆಂಟಿಸರೂ ಗೇಟಿನಲ್ಲಿ ಇಳಿದರು. ನಾರ್ಮನ್ ಕೇಳಿದ ಮೊದಲ ಪ್ರಶ್ನೆ, ಇಲ್ಲಿ ಸ್ಪಂಜ್ ಕೇಕ್ ಮಾಡುತ್ತಾರೆಯೇ ಎಂಬುದು. ಜೀವಂತ ಪರಂಪರೆಯಾದ ಮೇಲೆ ಊರಿನ ಪ್ರತಿ ಸಮಾರಂಭದಲ್ಲೂ ಅವರನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಎರಡೂ ಬಣದವರ ಕೇಕನ್ನು ಸಮಪ್ರಮಾಣದಲ್ಲಿ ತಿನ್ನಿಸುತ್ತಿದ್ದರಂತೆ. ಇಲ್ಲಿ ಬಾರ್ಲಿ ನೀರು ಮಾತ್ರ ಎಂದು ತಿಳಿದಾಗ ಆ ಮನುಷ್ಯನ ಕಣ್ಣು ಸಮಾಧಾನದಿಂದ ಒದ್ದೆಯಾಯಿತು.

ಬೆಂಚಿನ ಬಳಿ ಎರಡೂ ಮಾದರಿಗಳನ್ನು ಎದುರುಬದುರು ಕುರ್ಚಿ ಹಾಕಿ ಕೂರಿಸಿ ಜಯಕರರು ತಪಾಸಣೆ ಶುರುಮಾಡಿದರು. ವಯಸ್ಸು ಸಮ. ಮಂಡಿ, ಇಬ್ಬರದೂ ಎರಡೆರಡು, ನಾಲ್ಕೂ ಕೆಟ್ಟಿವೆ. ಕಿವಿ, ಬೇಕಾದದ್ದು ಮಾತ್ರ ಕೇಳುತ್ತದೆ. ಕಣ್ಣಿನ ಹತ್ತಿರ ಬಂದು ಅವರ ಪೆನ್ನು ನಿಂತಿತು. ಹಮೀದುನ್ನೀಸಾರಿಗೆ ಶಸ್ತ್ರಚಿಕಿತ್ಸೆಯಾಗಿದ್ದು ಬಲಗಣ್ಣಿಗೆ. ನಾರ್ಮನ್‌ಗೆ ಎಡಗಣ್ಣಿಗೆ.

"ಇದು ಸಮಾನ ಸ್ಥಿತಿ ಅಲ್ಲ," ಅಂದರು ಜಯಕರರು.

"ಏ ಡಾಕ್ಟ್ರ! ಒಂದು ಕಣ್ಣು ಅಲ್ಲೇನ್ರಿ, ಯಾವ ಕಡೀದಾದ್ರೇನು?" ಅಸದ್ ಕೈ ಕೈ ಹಿಸುಕಿಕೊಂಡರು. ನಿಯೋಗದ ವಿಮಾನ ಕಣ್ಣೆದುರೇ ಹಾರಿಹೋಗುತ್ತಿತ್ತು.

"ಯಾವ ಕಡೆಯದ್ದು ಅನ್ನೋದೇ ಅನಾಟಮಿ. ಎಡ ಬಲ ತಪ್ಪಿದ ವಿದ್ಯಾರ್ಥಿಯನ್ನು ನಾನು ಫೇಲ್ ಮಾಡ್ತೇನೆ."

ಮುಕ್ಕಾಲು ಗಂಟೆ ವಾದ ನಡೆಯಿತು. ಮರುದಿನದ ವಿಮಾನದಲ್ಲಿ ಹಮೀದುನ್ನೀಸಾರ ಸೀಟು ಕಾದಿತ್ತು. ಹರಿಹರದ ವರಾಂಡದಲ್ಲಿ ಬೆಳ್ಳಿ ಡಬ್ಬಿ ಕಾದಿತ್ತು. ಕೂಲಬಿಂಡಿಯ ಹೆಂಗಸರು ತಮ್ಮ ಮಾದರಿಯನ್ನು ವಾಪಸು ಪ್ಯಾಕ್ ಮಾಡುವ ಮಾತಾಡತೊಡಗಿದರು. ನಾರ್ಮನ್ ಬೆಂಚಿನ ಕಾಲನ್ನು ಗಟ್ಟಿಯಾಗಿ ಹಿಡಿದುಕೊಂಡರು.

ಆಗ ಹಮೀದುನ್ನೀಸಾ, ಲೆಕ್ಕ ಬಾರದ ಹುಡುಗನಿಗೆ ಹೇಳುವಷ್ಟು ನಿಧಾನವಾಗಿ ಹೇಳಿದರು: "ಡಾಕ್ಟ್ರೇ, ನಾವಿಬ್ರೂ ಹೇಗೆ ಕೂತಿದ್ದೀವಿ ನೋಡಿ. ಎದುರುಬದುರು. ನನ್ನ ಬಲಗಣ್ಣಿನ ನೇರಕ್ಕೆ ಅವರ ಯಾವ ಕಣ್ಣು ಬರುತ್ತೆ?"

ಜಯಕರರು ಇಬ್ಬರ ನಡುವೆ ನಿಂತು ಅತ್ತ ನೋಡಿದರು, ಇತ್ತ ನೋಡಿದರು. ಎಡ ಬಲ ಅನ್ನುವುದು ಮಾದರಿಯದು, ನೋಡುವವನದಲ್ಲ ಎಂಬುದು ಅವರು ಪ್ರತಿವರ್ಷ ಮೊದಲ ದಿನ ಕಲಿಸುವ ಪಾಠ. ಹಗ್ಗದ ಆಚೆಯಿಂದ ವೇದವತಿ ಗಂಡನನ್ನೇ ನೋಡುತ್ತಿದ್ದರು, ಅರ್ಜಿ ಸಲ್ಲಿಸದೆ. ಇಪ್ಪತ್ತೆರಡು ವರ್ಷಗಳಲ್ಲಿ ಮೊದಲ ಸಲ ಜಯಕರರು ನೋಡುವವನ ಕಡೆಯಿಂದ ಬರೆದರು: 'ಕಣ್ಣುಗಳು ಒಂದೇ ನೇರದಲ್ಲಿವೆ. ಸಮಾನ.' ಕೆಳಗೆ ಸಹಿ ಹಾಕಿ ಸಮಿತಿಯ ಮೊಹರು, ಅಲ್ಲಿನವರು ಹೇಳುವ ಚಾಪ್, ಒತ್ತಿದರು. ಆ ದೇಶದಲ್ಲಿ ಚಾಪ್ ಬಿದ್ದ ಮೇಲೆ ಎಡವೂ ಇಲ್ಲ, ಬಲವೂ ಇಲ್ಲ.

ಹದಿನೇಳರಂದು ಮಾದರಿ ಸಂಖ್ಯೆ ಒಂದು ಗೇಟು ದಾಟಿತು. ಹತ್ತೊಂಬತ್ತಕ್ಕೆ ಹರಿಹರ ತಲುಪಿತು. ಇಪ್ಪತ್ತರ ಬೆಳಿಗ್ಗೆ ಒಂಬತ್ತೂ ಹತ್ತಕ್ಕೆ ಹೆಣ್ಣು ಮಗು ಹುಟ್ಟಿತು. ಬೆಳ್ಳಿ ಡಬ್ಬಿ ತೆರೆದು ಬಾಗಿಲಿಗೆ ಅಡ್ಡ ನಿಂತ ಆ ಅತ್ತೆಯ ಅಕ್ಕನಿಗೆ ಹಮೀದುನ್ನೀಸಾ ವಾದ ಮಾಡದೆ ಎರವಲು ಪತ್ರ ತೋರಿಸಿದರು: 'ಪರಂಪರೆಯ ಮಾದರಿ. ಮುಟ್ಟಬಾರದು. ಅಡ್ಡಿಪಡಿಸಬಾರದು.' ರೇಷನ್ ಅಂಗಡಿ, ಬ್ಯಾಂಕು, ಬಸ್ಸು ಎಲ್ಲವನ್ನೂ ಗೆದ್ದಿದ್ದ ಆ ಹೆಂಗಸು ದುಂಡನೆಯ ಮೊಹರಿನ ಎದುರು ದಾರಿ ಬಿಟ್ಟರು. ಖರ್ಜೂರದ ರಸ ಸರಿಯಾದ ಬೆರಳಿನಿಂದಲೇ ಸರಿಯಾದ ನಾಲಿಗೆಗೆ ಸೇರಿತು. ಮಗು ಚಪ್ಪರಿಸಿ, ಉತ್ತರಪತ್ರಿಕೆ ನೋಡುವ ಹಾಗೆ ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿತಂತೆ.

ಇತ್ತ ಕೂಲಬಿಂಡಿಯವರು, ಮಾದರಿಗಳ ವಿನಿಮಯವಾಗಿರುವುದರಿಂದ ಸೋದರಿ ಸಂಬಂಧ ಸ್ಥಾಪನೆಯಾಗಿದೆ, ಇನ್ನು ನಿಯೋಗ ಬರುವ ತೊಂದರೆ ತೆಗೆದುಕೊಳ್ಳಬೇಕಿಲ್ಲ ಎಂದು ತಿಳಿಸಿದರು. ಸಮಿತಿ ತುರ್ತುಸಭೆ ಸೇರಿತು.

"ಡಾಕ್ಟ್ರ, ನಮಗೂ ಒಂದೊಂದು ನಂಬರ್ ಕೊಡ್ರಿ," ಅಂದರು ಅಸದ್. "ಎರವಲಿನ ಮ್ಯಾಲರ ಹೋಗಿ ಬರ್ತೀವಿ."

ಆರು ಅರ್ಜಿಗಳು ಬಂದವು. ಸದಸ್ಯರ ಸ್ಥಿತಿ ಇನ್ನೂ ಸಾಕಷ್ಟು ಹದಗೆಟ್ಟಿಲ್ಲವೆಂಬ ಕಾರಣಕ್ಕೆ ಜಯಕರರು ಅವನ್ನು ಕಾಯುವ ಪಟ್ಟಿಗೆ ಸೇರಿಸಿದರು. ಆರು ಜನರೂ ಈಗ ಸಂಜೆ ವಾಕಿಂಗ್ ನಿಲ್ಲಿಸಿದ್ದಾರೆ.

ಸೆಪ್ಟೆಂಬರಿನಲ್ಲಿ ಹರಿಹರದಿಂದ ಮೊದಲ ಸ್ಥಿತಿ ವರದಿ ಬಂತು, ಮೆಹವಿಶ್‌ಳ ಸಹಿಯೊಂದಿಗೆ. ಸ್ಥಿತಿ: ಉತ್ತಮ. ದ್ರವ: ಚಹಾ, ದಿನಕ್ಕೆ ಐದು ಸಲ. ಬಿಸಿಲು: ಮಗುವಿನ ಜೊತೆ ಬೆಳಿಗ್ಗೆ ಅರ್ಧ ಗಂಟೆ, ಮಾದರಿಯ ಸ್ವಂತ ಇಚ್ಛೆಯಿಂದ. ಹಿಂದಿರುಗಿಸುವ ದಿನಾಂಕ: ಮಗುವಿಗೆ ಹಲ್ಲು ಬಂದ ಮೇಲೆ.

ಜಯಕರರು ಅದನ್ನು ಒಪ್ಪಲಿಲ್ಲ. ಯಾವ ಹಲ್ಲು ಎಂದು ಸ್ಪಷ್ಟಪಡಿಸತಕ್ಕದ್ದು ಎಂದು ವರದಿಯನ್ನು ವಾಪಸು ಕಳಿಸಿದರು. ಹಮೀದುನ್ನೀಸಾರ ಕೈಬರಹದಲ್ಲಿ ಉತ್ತರ ಬಂತು: ಬುದ್ಧಿ ಹಲ್ಲು.

ಇದು ಅಂಗರಚನಾಶಾಸ್ತ್ರಕ್ಕೆ ಸಂಬಂಧಿಸಿದ ನಿಖರವಾದ ಉತ್ತರವಾಗಿದ್ದರಿಂದ ಆಕ್ಷೇಪಣೆಗೆ ಅವಕಾಶವಿರಲಿಲ್ಲ. ಹದಿನೇಳರಿಂದ ಇಪ್ಪತ್ತೈದು ವರ್ಷದೊಳಗೆ, ಎಂದು ಜಯಕರರು ರಿಜಿಸ್ಟರಿನಲ್ಲಿ ನಮೂದಿಸಿದರು. ಸಮಿತಿ ಸರ್ವಾನುಮತದಿಂದ ಅಂಗೀಕರಿಸಿತು. ಸತ್ತಾರ್ ತಾಯಿಯನ್ನು ನೋಡಿ ಬರಲು ರಜೆ ಹಾಕಿದರು. ಬದಲಿ ಮಾದರಿಯ ಅವಧಿಯೂ ಅದಕ್ಕೆ ಸರಿಯಾಗಿ ವಿಸ್ತರಣೆಯಾಗಿದೆಯೆಂದು ತಿಳಿಸಲು ಜಯಕರರು ಮಳೆಮರದ ಕೆಳಗೆ ಹೋದಾಗ ನಾರ್ಮನ್ ಪ್ರೆಂಟಿಸ್ ಬೆಂಚಿನ ಮೇಲೆ ಕಾಲು ಚಾಚಿ ಕೂತಿದ್ದರು. ಹಗ್ಗದ ಒಳಗೇ ಅವರ ಪಕ್ಕದಲ್ಲಿ ವೇದವತಿ ಕೂತು ಬಟಾಣಿ ಸುಲಿಯುತ್ತಿದ್ದರು; ಅವರ ಹೊಸ ಅರ್ಜಿಯಲ್ಲಿ ಉದ್ದೇಶದ ಕಾಲಮ್ ಭರ್ತಿಯಾಗಿತ್ತು, 'ಅಂತರರಾಷ್ಟ್ರೀಯ ಬಾಂಧವ್ಯ' ಎಂದು.

ತಾವು ತಮ್ಮ ಊರಿಗೆ ಮರಳಬೇಕಾದ ವರ್ಷ ಯಾವುದೆಂದು ನಾರ್ಮನ್ ಕೇಳಿದರು. ತಡವೆಂದರೆ ಎರಡು ಸಾವಿರದ ನಲವತ್ತೊಂಬತ್ತು ಎಂದರು ಜಯಕರರು. ಆಗ ನಾರ್ಮನ್ ಅವರಿಗೆ ನೂರೊಂದು ವರ್ಷ.

ನಾರ್ಮನ್ ಬಾರ್ಲಿ ನೀರನ್ನು ಒಂದು ಗುಟುಕು ಕುಡಿದು, ಅಷ್ಟು ಅವಸರ ಯಾಕೆ ಎಂದರು.